ಪ್ರತಿ ಭಾನುವಾರ ತೂಗಿದ ಕೆರೆ

ಸುಮಾರು ಮೂರು ವರ್ಷ ಭಾನುವಾರಗಳಂದು ನಾನು ಜೀವಂತ ಮೀನುಗಳನ್ನು ತೂಗಿದ್ದೇನೆ. ಕೊಳ್ಳುವುದಕ್ಕಲ್ಲ, ಮಾರುವುದಕ್ಕೂ ಅಲ್ಲ. ನನ್ನ ಕಸುಬು ತರಕಾರಿ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಗೂ ಸೈಕಲ್ ರಿಪೇರಿಯವರಿಗೂ ನಡುವೆ ನನ್ನ ಅಂಗಡಿ. ನಮ್ಮ ಯಜಮಾನರು ನಸುಕಿನಲ್ಲೇ ಕಲಾಸಿಪಾಳ್ಯಕ್ಕೆ ಹೋಗಿ ಸರಕು ತರುತ್ತಾರೆ, ನಾನು ಅಂಗಡಿಯಲ್ಲಿ ಕೂರುತ್ತೇನೆ. ಈಗ ಎಲ್ಲರೂ ನಂಬರು ಮಿನುಗುವ ತಕ್ಕಡಿ ಇಟ್ಟುಕೊಂಡಿದ್ದಾರೆ. ನನ್ನದು ಮಾತ್ರ ಇವತ್ತಿಗೂ ಗಡಿಯಾರದಂಥ ಮುಖವಿರುವ, ಮುಳ್ಳು ಓಡುವ, ತೂಗುಹಾಕುವ ತಕ್ಕಡಿ. ಆ ತಕ್ಕಡಿಯಿಂದಲೇ ನಾನು ಕೆರೆಯ ವ್ಯವಹಾರಕ್ಕೆ ಬಂದು ಬಿದ್ದೆ.

ಅಂಗಡಿಯಿಂದ ತೆಂಕಲಿಗೆ ಹತ್ತು ನಿಮಿಷ ನಡೆದರೆ ಕೆರೆ. ಊರಿಗೆಲ್ಲ ಗೊತ್ತಿರುವ ದೊಡ್ಡ ಕೆರೆಯೇನಲ್ಲ. ಒಂದು ಸುತ್ತು ಹಾಕಲು ಕಾಲು ಗಂಟೆ ಸಾಕು. ಅದರ ಏರಿಯ ಕೆಳಗೆ ನಮ್ಮಪ್ಪ ಸೊಪ್ಪು ಬೆಳೆಯುತ್ತಿದ್ದರು. ದಂಟು, ಮೆಂತ್ಯ, ಸಬ್ಬಸಿಗೆ. ನನ್ನ ಮದುವೆಯ ಹೊತ್ತಿಗೆ ಆ ಮಡಿಗಳ ಜಾಗದಲ್ಲಿ ಮನೆಗಳು ಎದ್ದಿದ್ದವು. ಕೆರೆ ಮಾತ್ರ ಉಳಿಯಿತು.

ನನಗೊಬ್ಬ ಅಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವನು. ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡಿ ನಿವೃತ್ತನಾದ. ಚಿಕ್ಕಂದಿನಿಂದ ಅವನಿಗೆ ಇದ್ದದ್ದು ಒಂದೇ ಹುಚ್ಚು, ಗಾಳ. ಬಿದಿರು ಕಡ್ಡಿ, ದಾರ, ತುದಿಗೊಂದು ಎರೆಹುಳು. ಭಾನುವಾರ ಏರಿಯ ಮೇಲೆ ಕೂತರೆ ಎರಡೋ ಮೂರೋ ಮೀನು ತರುತ್ತಿದ್ದ, ಅಮ್ಮ ಸಾರು ಮಾಡುತ್ತಿದ್ದಳು. ಅಪ್ಪ ಅವನಿಗೆ ಎಂದೂ ಬೇಡವೆನ್ನಲಿಲ್ಲ. ಒಂದು ವಿಷಯಕ್ಕೆ ಮಾತ್ರ ತಡೆಯುತ್ತಿದ್ದರು. ಮುಂಗಾರು ಹಿಡಿದ ಮೇಲೆ ಕೊರಮೀನು ಮರಿ ಮಾಡುತ್ತದೆ. ಹಾವಿನ ತಲೆಯಂಥ ತಲೆ, ಕಪ್ಪು ಮೈ, ಕೈಯುದ್ದಕ್ಕೆ ಬೆಳೆಯುವ ಮೀನು ಅದು. ಮರಿಗಳು ಕೆಂಪು. ಸಾವಿರಾರು ಒಟ್ಟಿಗೆ ನೀರಿನ ಮೇಲ್ಮೈಯಲ್ಲಿ ಅಲುಗಾಡುತ್ತಿದ್ದರೆ ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ಕಾಣುತ್ತದೆ. ಕೆಳಗೆ ತಾಯಿ, ತಂದೆ ಎರಡೂ ಕಾವಲಿರುತ್ತವೆ. ಹತ್ತಿರ ಏನೇ ಬಂದರೂ, ಕಪ್ಪೆಯಾಗಲಿ ಕೋಲಾಗಲಿ, ಮೇಲೆ ಬಿದ್ದು ಕಚ್ಚುತ್ತವೆ.

"ಕೆಂಪ್ ಮರಿ ಇರೋ ಕಡೆ ಗಾಳ ಹಾಕ್ಬೇಡ್ರೋ," ಎನ್ನುತ್ತಿದ್ದರು ಅಪ್ಪ. "ಅದು ಹಸಿವಿಗೆ ಕಚ್ಚಲ್ಲ. ಮಕ್ಳ ಮೇಲಿನ ಭಯಕ್ಕೆ ಕಚ್ಚತ್ತೆ."

ಲಾಕ್‌ಡೌನ್ ಮುಗಿದ ವರ್ಷ ಅತ್ತಿಗೆ ತೀರಿಕೊಂಡಳು. ಅಣ್ಣನಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಯ ಮೇಲಿನ ಒಂದು ರೂಮಿಗೆ ಬಂದು ಇದ್ದುಬಿಟ್ಟ. ಕರೆದರೆ ಊಟಕ್ಕೆ ಬರುತ್ತಿದ್ದ, ಇಲ್ಲದಿದ್ದರೆ ಇಲ್ಲ. ಒಂದು ವರ್ಷ ಅವನು ಗಾಳವನ್ನೂ ಮುಟ್ಟಲಿಲ್ಲ. ಆ ವರ್ಷ ಅವನು ಆಡಿದ ಮಾತುಗಳನ್ನು ನಾನು ಬೇಕಾದರೆ ಒಂದೊಂದಾಗಿ ನೆನಪಿಸಿಕೊಳ್ಳಬಲ್ಲೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಒಬ್ಬ ಮನುಷ್ಯ ಓಡುತ್ತ ಬಂದ. ಮೊಬೈಲಿನ ಕವರು, ಚಾರ್ಜರು ಮಾರುವ ಅಂಗಡಿ ಇಟ್ಟುಕೊಂಡವನು, ಮುಖಪರಿಚಯವಿತ್ತು.

"ಅಕ್ಕ, ನಿಮ್ ತಕ್ಕಡಿ ಒಂದ್ ಎರಡ್ ಅವರ್ ಕೊಡ್ತೀರಾ? ಕೆರೇಲಿ ಗಾಳದ ಕಾಂಪಿಟೇಷನ್ ಇಟ್ಟಿದೀವಿ. ನಮ್ದು ನೀರು ಬಿದ್ದು ಆಫ್ ಆಗ್ಬಿಟ್ಟಿದೆ."

ನಾನು ಹಿಂದೆ ಮುಂದೆ ನೋಡಿದೆ. ತಕ್ಕಡಿಯನ್ನು ಬೇರೆಯವರ ಕೈಗೆ ಕೊಟ್ಟು ಅಭ್ಯಾಸವಿಲ್ಲ. ಅಷ್ಟರಲ್ಲಿ ಒಳಗೆ ಬೀನ್ಸ್ ಆರಿಸುತ್ತ ಕೂತಿದ್ದ ಅಣ್ಣ ಎದ್ದು ಬಂದ. "ಕೊಡೋದ್ಯಾಕೆ? ನಾವೇ ಬರ್ತೀವಿ," ಎಂದ. ಅವನ ಮುಖ ನೋಡಿ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಟೆ.

ಅವತ್ತು ನಿಜವಾಗಿಯೂ ಚೆನ್ನಾಗಿತ್ತು. ವರ್ಷಗಟ್ಟಲೆ ಕಸ ಸುರಿಯುತ್ತಿದ್ದ ಮೆಟ್ಟಿಲುಗಳನ್ನು ಸ್ಪರ್ಧೆ ನಡೆಸುವ ಸಂಘದವರು ತೊಳೆದಿದ್ದರು. ಪ್ಲಾಸ್ಟಿಕ್ಕಿನ ರಾಶಿ ಹೋಗಿತ್ತು. ಸುಣ್ಣದಲ್ಲಿ ನಂಬರು ಬರೆದ ಜಾಗಗಳಲ್ಲಿ ಮೂವತ್ತು ನಲವತ್ತು ಜನ ಕೂತಿದ್ದರು. ಹಿಡಿದ ಮೀನನ್ನು ನೀಲಿ ಟಬ್ಬಿನಲ್ಲಿ ತರುವುದು, ತೂಗುವುದು, ಫೋಟೋ ತೆಗೆಯುವುದು, ಮತ್ತೆ ನೀರಿಗೆ ಬಿಡುವುದು. ಒಂದನ್ನೂ ಕೊಲ್ಲುವಂತಿಲ್ಲ ಎನ್ನುವುದು ಅವರ ನಿಯಮ. ಮೊಬೈಲ್ ಅಂಗಡಿಯವನೇ ಸಂಘದ ಸೆಕ್ರೆಟರಿ. ಅಣ್ಣ ಯಾರದೋ ಒಂದು ಗಾಳದ ರಾಡು ಇಸಿದುಕೊಂಡು ಕೂತ, ಒಂದು ಕಾಟ್ಲ ಮೀನು ಹಿಡಿದ, ಮೂರನೇ ಬಹುಮಾನವಾಗಿ ಒಂದು ಕುಕ್ಕರು ಬಂತು. ಅದನ್ನು ಹೊತ್ತುಕೊಂಡು ಬರುವಾಗ ದಾರಿಯುದ್ದಕ್ಕೂ ಮಾತಾಡಿದ. ಆ ಮೀನು ಹೇಗೆ ಎಳೆಯಿತು, ದಾರ ಹೇಗೆ ಸಡಿಲ ಬಿಡಬೇಕು, ಅತ್ತಿಗೆ ಇದ್ದಿದ್ದರೆ ಈ ಕುಕ್ಕರ್ ನೋಡಿ ಏನನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ ಆ ಸಂಘದವರಿಗೆ ಕೈಮುಗಿದೆ.

ಮೊದಮೊದಲು ಎರಡು ತಿಂಗಳಿಗೊಮ್ಮೆ ನಡೆಯಿತು. ಆಮೇಲೆ ತಿಂಗಳಿಗೊಮ್ಮೆ. ವರ್ಷ ತುಂಬುವುದರೊಳಗೆ ಪ್ರತಿ ಭಾನುವಾರವಾಯಿತು. ಬಸವನಗುಡಿ, ಮಲ್ಲೇಶ್ವರ, ಶೇಷಾದ್ರಿಪುರಂ ಕಡೆಯಿಂದೆಲ್ಲ ಕಾರಿನ ಮೇಲೆ ರಾಡು ಕಟ್ಟಿಕೊಂಡು ಬರುತ್ತಿದ್ದರು. ಇನ್ನೊಂದು ಗುಂಪು ಹುಟ್ಟಿಕೊಂಡು ಶನಿವಾರಗಳನ್ನೂ ಹಿಡಿಯಿತು. ಹೊಂಗೆ ಮರದ ಕೊಂಬೆಗೆ ನನ್ನ ತಕ್ಕಡಿ ತೂಗುಹಾಕಿ, ಪಕ್ಕದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಎಲ್ಲರೂ "ತೂಕದ ಅಕ್ಕ" ಎಂದೇ ಕರೆಯುವುದು. ಸುಳ್ಳು ಹೇಳಬಾರದು, ನನಗೆ ಅದು ಹಿಡಿಸಿತ್ತು.

ತರಕಾರಿ ತೂಗುವುದೇ ಬೇರೆ, ಜೀವಂತ ಮೀನು ತೂಗುವುದೇ ಬೇರೆ. ಒದ್ದೆ ಬಲೆಚೀಲದಲ್ಲಿ ಹಾಕಿ ನೇತುಹಾಕಿದ ಕೂಡಲೇ ಅದು ಕೊಸರಾಡುತ್ತದೆ. ಮುಳ್ಳು ಎರಡಕ್ಕೂ ಐದಕ್ಕೂ ನಡುವೆ ಹುಚ್ಚು ಹಿಡಿದಂತೆ ಓಡುತ್ತದೆ. ಮುಳ್ಳು ನಿಂತರೇ ತೂಕ. ಮುಳ್ಳು ನಿಲ್ಲಬೇಕಾದರೆ ಮೀನಿಗೆ ಸುಸ್ತಾಗಬೇಕು. ಅದು ಸುಸ್ತಾಗುವವರೆಗೆ ನಾನು ಕಾಯುತ್ತಿದ್ದೆ. ಸುತ್ತಲೂ ಜನ ಮೊಬೈಲು ಹಿಡಿದು ಕಾಯುತ್ತಿದ್ದರು. ಈ ಕಾಯುವ ಹೊತ್ತು ಎಂಥದ್ದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂದು ಕಾಟ್ಲ ಇತ್ತು. ಮೇಲ್ದುಟಿ ಅರ್ಧ ಹರಿದು ಜೋತಾಡುತ್ತಿತ್ತು, ಬಾಲದ ಮೇಲುಗಡೆ ಒಂದು ಕಚ್ಚು. ಒಂದು ಸಲ ತೂಗಿದ ಮೇಲೆ ಮರೆಯುವಂಥ ಮೀನಲ್ಲ ಅದು. ಎರಡನೆಯ ಸಲ ಬಂದಾಗ ಗುರುತು ಹತ್ತಿತು. ನಾಲ್ಕನೆಯ ಸಲ ಬಂದಾಗ ಹೊಟ್ಟೆ ಒಳಗೆ ಹೋಗಿತ್ತು. ಪ್ರತಿ ಸಲವೂ ಮುಳ್ಳು ಹಿಂದಿನ ಸಲಕ್ಕಿಂತ ಮೊದಲೇ ನಿಲ್ಲುತ್ತಿತ್ತು, ಕೊಸರಾಟವೂ ಕಡಿಮೆ.

ಸೆಕ್ರೆಟರಿಗೆ ಹೇಳಿದೆ. "ಇದು ಅದೇ ಮೀನು ಕಣಪ್ಪಾ. ಬಡವಾಗ್ತಾ ಇದೆ. ತಿನ್ನಕ್ಕೇ ಆಗ್ತಿಲ್ಲ ಅನ್ಸತ್ತೆ ಇದಕ್ಕೆ."

"ಬಿಡ್ತೀವಲ್ಲಕ್ಕಾ, ಸಾಯಿಸ್ತೀವಾ?" ಎಂದು ಅವನು ನಕ್ಕ. ಕೆಟ್ಟ ನಗುವಲ್ಲ. ಅವನು ನಿಜವಾಗಿ ಹಾಗೆ ನಂಬಿದ್ದ. ನಾನೂ ನಂಬಿದೆ, ಅಥವಾ ನಂಬಿದರೆ ಭಾನುವಾರ ಸಲೀಸಾಗಿ ಕಳೆಯುತ್ತದೆ ಎಂದು ನಂಬಿದೆ.

ಕೆರೆಯ ಕಸ ಗುಡಿಸುವ ಹೆಂಗಸೊಬ್ಬಳಿದ್ದಳು. ನನ್ನ ಅಂಗಡಿಯಲ್ಲೇ ಟೊಮೆಟೊ ಒಯ್ಯುವವಳು. ಒಂದು ದಿನ ಕೊತ್ತಂಬರಿ ಕಟ್ಟು ಬದಲಾಯಿಸಿಕೊಳ್ಳುತ್ತ ಹೇಳಿದಳು: "ಅಕ್ಕ, ಸೋಮ್ವಾರ ಬಂತು ಅಂದ್ರೆ ನಂಗೆ ಎರಡ್ ಬುಟ್ಟಿ ಕೆಲ್ಸ ಜಾಸ್ತಿ. ನೀವು ಬಿಡ್ತೀರಲ್ಲ, ಆ ಮೂಲೇಲೇ ತೇಲ್ತಾ ಇರ್ತವೆ. ಜನ ವಾಕಿಂಗ್ ಬರೋದ್ರೊಳಗೆ ಎತ್ಬಿಡು ಅಂತಾರೆ."

ಮರುದಿನವೇ ಸೋಮವಾರ. ನಾನು ಹೋಗಿ ನೋಡಲಿಲ್ಲ. ಅಂಗಡಿ ತೆಗೆಯಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ನೋಡಬೇಕೆಂದಿದ್ದರೆ ಬೇರೆಯವೂ ಇದ್ದವು. ಹಿಂದೆ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಕಡಲೆಪುರಿ ಎಸೆದರೆ ನೀರು ಕುದಿಯುವಂತೆ ಮೀನು ಬರುತ್ತಿದ್ದವು. ಈಗ ಪುರಿ ಹಾಗೇ ತೇಲಿ, ನೆಂದು, ಮುಳುಗುತ್ತಿತ್ತು. ಮನುಷ್ಯನ ನೆರಳು ಬಿದ್ದರೆ ಸಾಕು, ನೀರಿನೊಳಗೆ ಒಂದು ಸೆಳಕು ಹೊಡೆದು ಎಲ್ಲವೂ ದೂರ ಸರಿಯುತ್ತಿದ್ದವು. ಮೀನು ಸೇರಲೆಂದು ಒಬ್ಬೊಬ್ಬರೂ ಬುಟ್ಟಿಗಟ್ಟಲೆ ಕಡಲೆಕಾಯಿ ಹಿಂಡಿ, ತೌಡು, ವೆನಿಲಾ ಎಸೆನ್ಸ್ ಕಲಸಿದ ಹಿಟ್ಟಿನುಂಡೆ ಎಸೆಯುತ್ತಿದ್ದರು. ತಿನ್ನುವವರಿಲ್ಲದೆ ಅದು ತಳದಲ್ಲೇ ಕೊಳೆತು, ಬೇಸಿಗೆಯಲ್ಲಿ ಏರಿಯ ತುಂಬ ಹುಳಿ ನಾತ. ಹೊಂಗೆ ಕೊಂಬೆಯಿಂದ ಇಳಿಬಿದ್ದ ನೈಲಾನ್ ದಾರದಲ್ಲಿ ಒಂದು ನೀರುಕಾಗೆ ರೆಕ್ಕೆ ಸಿಕ್ಕಿಸಿಕೊಂಡು ಎರಡು ದಿನ ತೂಗಾಡಿತು. ಅದನ್ನು ಬಿಡಿಸಿದ್ದು ಅಣ್ಣ. ಆ ಹೊತ್ತಿಗೆ ಅದು ಸತ್ತಿತ್ತು.

ಮೂರನೆಯ ವರ್ಷ ಅಣ್ಣ ಸೋಲತೊಡಗಿದ. ಮೀನು ಕಡಿಮೆಯಾಗಿತ್ತು, ಇದ್ದವೂ ಗಾಳ ಗುರುತಿಸುವುದನ್ನು ಕಲಿತಿದ್ದವು. ದುಬಾರಿ ರಾಡಿನವರಿಗೆ ಏನೋ ಒಂದು ಸಿಕ್ಕುತ್ತಿತ್ತು, ಅಣ್ಣನಿಗೆ ಅದೂ ಇಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಡನ್ನೇ ನೋಡುತ್ತ ಕೂತು, ಬರಿಗೈಲಿ ಎದ್ದು, ಯಾರ ಕಡೆಗೂ ನೋಡದೆ ಮನೆಗೆ ಹೋಗುತ್ತಿದ್ದ. ಊಟಕ್ಕೆ ಕರೆದರೆ "ಆಮೇಲೆ" ಎನ್ನುತ್ತಿದ್ದ. ನನಗೆ ಆ "ಆಮೇಲೆ" ಗೊತ್ತಿತ್ತು. ಅತ್ತಿಗೆ ಹೋದ ವರ್ಷವೆಲ್ಲ ಅದನ್ನೇ ಕೇಳಿದ್ದೆ. ಅವನು ಮತ್ತೆ ಆ ರೂಮಿನೊಳಗೆ ಮುಳುಗಿಬಿಡುತ್ತಾನೆ ಎಂದು ಹೆದರಿದೆ.

ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ, ಮಳೆ ಬಿಟ್ಟಿತ್ತು, ಏರಿಯ ಮೇಲೆ ಹೋಗುತ್ತಿದ್ದೆ. ಕೆರೆಯ ಪಡುವಣ ಮೂಲೆಯಲ್ಲಿ ಹಳೆಯ ಒಗೆಯುವ ಕಲ್ಲುಗಳಿವೆ. ಜೊಂಡು ಬೆಳೆದು ಆ ಕಡೆ ಯಾರೂ ಹೋಗುವುದಿಲ್ಲ. ಅಲ್ಲಿ ಕೆಂಪು ಕಂಡಿತು. ಎಷ್ಟೋ ವರ್ಷಗಳ ಮೇಲೆ ಕಂಡಿತು. ಒಂದು ಮೊರದಗಲ, ಅಲುಗುತ್ತ, ಚದುರಿ ಮತ್ತೆ ಕೂಡುತ್ತ. ಕಾಲು ಕೀಳಲಾಗದೆ ನಿಂತೆ. ಸ್ವಲ್ಪ ಹೊತ್ತಿಗೆ ಮರಿಗಳ ನಡುವೆಯೇ ಆ ಕಪ್ಪು ತಲೆ ಮೇಲೆ ಬಂತು, ಗುಳಕ್ ಎಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಯಿತು. ಕೊರಮೀನು ಹಾಗೆಯೇ, ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ಅಷ್ಟು ದೊಡ್ಡದನ್ನು ನಾನು ಕಂಡೇ ಇರಲಿಲ್ಲ. ಇಷ್ಟೆಲ್ಲ ಭಾನುವಾರಗಳನ್ನು ದಾಟಿ ಇದು ಹೇಗೆ ಉಳಿಯಿತು ಎಂದು ಆಶ್ಚರ್ಯವಾಯಿತು. ಜೊಂಡು ಕಾಪಾಡಿರಬೇಕು.

ಶನಿವಾರ ಸಂಜೆ ಅಣ್ಣ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ನಾಳೆ ಹೋಗುವುದಿಲ್ಲ ಎಂದ. ನಾನು ನುಗ್ಗೆಕಾಯಿ ಕಟ್ಟುತ್ತಿದ್ದೆ. ತಲೆಯೆತ್ತದೆ ಹೇಳಿದೆ:

"ಒಗ್ಯೋ ಕಲ್ಲಿನ ಹತ್ರ ಕೆಂಪ್ ಮರಿ ಇದೆ ಅಣ್ಣ."

ಅಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ಸುದ್ದಿಯಾಗಿರುತ್ತಿತ್ತು. ನಾನು ನಿಲ್ಲಿಸಲಿಲ್ಲ.

"ತಾಯಿ ತುಂಬಾ ದೊಡ್ದಿದೆ," ಎಂದೆ.

ಭಾನುವಾರ ಅಣ್ಣ ಹೋದ. ಪಡುವಣ ಮೂಲೆಯ ಜಾಗ ಯಾರಿಗೂ ಬೇಡವಾದದ್ದು, ಕೇಳಿದ ಕೂಡಲೇ ಕೊಟ್ಟರು. ನನ್ನ ಕುರ್ಚಿಯಿಂದ ಅವನು ಚಿಕ್ಕದಾಗಿ ಕಾಣುತ್ತಿದ್ದ. ಗಾಳಕ್ಕೆ ರಬ್ಬರಿನ ಕಪ್ಪೆ ಕಟ್ಟಿದ್ದ. ಸೀಟಿ ಊದಿ ಹತ್ತು ನಿಮಿಷವಾಗಿರಲಿಲ್ಲ, ಜನ ಆ ಕಡೆ ಓಡಿದರು. ಟಬ್ಬು ಹೊತ್ತುಕೊಂಡು ಬಂದವರ ಮುಂದೆ ಅಣ್ಣ ನಡೆದು ಬರುತ್ತಿದ್ದ. ಹಾಗೆ ನಡೆದದ್ದನ್ನು ನಾನು ಅವನ ಮದುವೆಯಲ್ಲಿ ನೋಡಿದ್ದೆ.

ಬಲೆಚೀಲದಲ್ಲಿ ಅದನ್ನು ಏರಿಸಿದೆವು. ಮುಳ್ಳು ಓಡಿತು. ಬೇರೆ ಮೀನುಗಳ ಹಾಗೆ ಅದು ಬೇಗ ಸುಸ್ತಾಗಲಿಲ್ಲ. ಚೀಲವನ್ನೇ ಕಚ್ಚಿತು. ಬಾಯಿಂದ ರಕ್ತ ಎಳೆಎಳೆಯಾಗಿ ನನ್ನ ಕೈಮೇಲೆ ಇಳಿಯಿತು. ನಾನು ಕಾದೆ. ಕಾಯುತ್ತಿರುವಾಗ ಜನರ ಹೆಗಲ ಸಂದಿಯಲ್ಲಿ ಕೆರೆಯ ಆ ಮೂಲೆ ಕಂಡಿತು. ಕಲ್ಲಿನ ಮುಂದೆ ನೀರು ಕೊತಕೊತ ಎನ್ನುತ್ತಿತ್ತು. ಜಿಲೇಬಿ ಮೀನುಗಳು. ಎಲ್ಲ ಕೆರೆಗಳಲ್ಲೂ ತುಂಬಿಕೊಂಡಿರುವ, ಏನು ಸಿಕ್ಕಿದರೂ ತಿನ್ನುವ ಆ ಬೂದು ಮೀನುಗಳು ಸುತ್ತಲಿನಿಂದ ಅಲ್ಲಿಗೆ ನುಗ್ಗಿದ್ದವು. ಏನು ತಿನ್ನುತ್ತಿವೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

"ಅಕ್ಕ, ಮುಳ್ಳು ನಿಂತಿದೆ, ಹೇಳಿ!" ಎಂದು ಸೆಕ್ರೆಟರಿ ಕೂಗಿದ.

ಹೇಳಿದೆ. ಕೇಕೆ ಬಿತ್ತು. ಒಬ್ಬೊಬ್ಬರೂ ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಎಂದಿನ ಹಾಗೆ ಮೆಟ್ಟಿಲ ಪಕ್ಕದ ಮೂಲೆಯಲ್ಲಿ, ಕಲ್ಲುಗಳಿಗೆ ನೇರ ಎದುರು ದಡದಲ್ಲಿ, ನೀರಿಗೆ ಬಿಟ್ಟರು. ಅರ್ಧ ಗಂಟೆಯಲ್ಲಿ ಗಂಡೂ ಬಂತು, ಅದನ್ನೂ ಅಣ್ಣನೇ ಹಿಡಿದ. ಅದನ್ನೂ ತೂಗಿದೆ. ಸಾಲು ಕರಗಿ ನಾನು ಕಲ್ಲಿನ ಹತ್ತಿರ ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನೀರು ಸುಮ್ಮನೆ ಇತ್ತು. ಒಂದೇ ಒಂದು ಕೆಂಪು ಚುಕ್ಕೆಯಿರಲಿಲ್ಲ.

ಅಣ್ಣನಿಗೆ ಮೊಳದುದ್ದದ ಟ್ರೋಫಿ ಕೊಟ್ಟರು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ನಾನು ಬಯಸಿದ್ದು ಅದೇ ತಾನೆ.

ಸೋಮವಾರ ನಾನಾಗಿಯೇ ಕೆರೆಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಾಯಿತು, ಮುಂದೆಯೇ ಗುಳಕ್ ಎಂದಿತು. ಅದು ವಾಪಸು ಬಂದಿತ್ತು. ಇಡೀ ಕೆರೆ ಅಡ್ಡ ಹಾಯ್ದು ಅದೇ ಜಾಗಕ್ಕೆ ಬಂದಿತ್ತು. ಮೇಲೆ ಬಂದು ಗಾಳಿ ಕುಡಿಯಿತು, ಕಲ್ಲಿನ ಮುಂದೆ ಒಂದು ಸುತ್ತು ಹಾಕಿತು, ಮುಳುಗಿತು, ಮತ್ತೆ ಬಂತು. ಕಾವಲಿರುವಾಗ ಹೇಗೆ ಸುತ್ತುತ್ತದೋ ಹಾಗೆಯೇ, ಅಷ್ಟೇ ಅಗಲದ ಸುತ್ತು, ನಡುವೆ ಮಾತ್ರ ಏನೂ ಇಲ್ಲ. ಮಂಗಳವಾರವೂ ಸುತ್ತುತ್ತಿತ್ತು. ಬುಧವಾರವೂ.

ಬುಧವಾರ ಹಿಂದೆ ಹೆಜ್ಜೆ ಸದ್ದಾಯಿತು. ಅಣ್ಣ. ನಾನು ದಿನಾ ಎಲ್ಲಿಗೆ ಹೋಗುತ್ತೇನೆಂದು ನೋಡಲು ಬಂದಿದ್ದನೋ, ತಾನೇ ಬಂದಿದ್ದನೋ, ಕೇಳಲಿಲ್ಲ. ಇಬ್ಬರೂ ನೋಡುತ್ತ ಕೂತೆವು. ಅದು ನಾಲ್ಕು ಸುತ್ತು ಹಾಕಿತು.

"ಅವತ್ತು ನೀನ್ಯಾಕೆ ಹೇಳ್ದೆ ನಂಗೆ?" ಎಂದ.

"ನೀನು ಗೆಲ್ಲಲಿ ಅಂತ."

ಅವನು ನೀರಿನ ಕಡೆಯೇ ನೋಡುತ್ತ ಹೇಳಿದ: "ಗಾಳ ಎಸ್ಯೋವಾಗ ಅಪ್ಪನ ಮಾತು ಜ್ಞಾಪಕ ಬಂತು ಕಣೆ. ಎಲ್ಲಿ ಎಸೆದ್ರೆ ಕಚ್ಚತ್ತೆ ಅಂತ ಅದ್ರಿಂದಾನೇ ಗೊತ್ತಾಗಿದ್ದು."

ಗುರುವಾರ ಅದು ಕಾಣಲಿಲ್ಲ. ಶುಕ್ರವಾರವೂ ಇಲ್ಲ. ಕಸ ಗುಡಿಸುವವಳನ್ನು ಕೇಳಿದೆ. "ಒಂದು ಉದ್ದಂದು ಇತ್ತಕ್ಕಾ, ಜೊಂಡಲ್ಲಿ ಸಿಕ್ಕಾಕೊಂಡಿತ್ತು. ಬಾಯೆಲ್ಲ ಬೆಳ್ಳಗೆ ಬೂಜು ಹಿಡ್ದಂಗಾಗಿತ್ತು. ಬುಟ್ಟೀಲಿ ಹಿಡಿಸ್ಲೇ ಇಲ್ಲ," ಎಂದಳು. ಗಂಡು ಏನಾಯಿತೋ ತಿಳಿಯಲಿಲ್ಲ.

ಅದಾದ ಮೇಲೆ ಆ ಮೀನು ನನಗೆ ಒಂದು ಥರ ಅಂಟಿಕೊಂಡಿತು. ಅಂಗಡಿಯಲ್ಲಿ ಬೀನ್ಸ್ ತೂಗುವಾಗ ಮುಳ್ಳು ನಿಂತ ಮೇಲೂ ನಾನು ಕಾಯುತ್ತಿದ್ದೆ. "ಅಕ್ಕ, ಆಯ್ತು, ಹಾಕಿ," ಎಂದು ಗಿರಾಕಿಗಳು ಎಚ್ಚರಿಸಬೇಕು. ಕೊಡದಿಂದ ನೀರು ಬಗ್ಗಿಸುವಾಗ ಬರುವ ಗುಳಕ್ ಸದ್ದಿಗೆ ಕೈ ನಿಂತುಬಿಡುತ್ತಿತ್ತು. ನಮ್ಮ ಯಜಮಾನರು ಒಂದು ದಿನ ಪರಂಗಿ ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟರು. ಆ ಕೆಂಪು ನೋಡಿ ಎದ್ದು ಹೋದೆ. ಒಂದು ಮೀನಿಗೋಸ್ಕರ ಇಷ್ಟೆಲ್ಲವೇ ಎಂದು ಯಾರಾದರೂ ಕೇಳುತ್ತಾರೆ ಎಂಬ ನಾಚಿಕೆಯೂ ಇತ್ತು.

ಮುಂದಿನ ಭಾನುವಾರ ತಕ್ಕಡಿ ತೂಗುಹಾಕುವ ಮೊದಲು ಸೆಕ್ರೆಟರಿಯನ್ನು ಪಕ್ಕಕ್ಕೆ ಕರೆದೆ.

"ಮಳೆಗಾಲ ಎರಡ್ ತಿಂಗ್ಳು ನಿಲ್ಲಿಸ್ಬಿಡಿ. ಮರಿ ಮಾಡೋ ಕಾಲ. ಹಿಡ್ದು ಬಿಟ್ರೂ ಅಷ್ಟೊತ್ತಿಗೆ ಮರಿ ಇರಲ್ಲ. ನಾನು ಕಣ್ಣಾರೆ ನೋಡ್ದೆ."

"ಅಕ್ಕ, ಮಳೆಗಾಲದಲ್ಲೇ ಕಚ್ಚೋದು. ಆಗ್ಲೇ ನಿಲ್ಲಿಸಿ ಅಂದ್ರೆ ಹೆಂಗೆ?" ಅವನಿಗೆ ನಿಜಕ್ಕೂ ಬೇಸರವಾಯಿತು. "ನಾವ್ ಇಲ್ದಿದ್ರೆ ಈ ಕೆರೆ ಕಸದ ತಿಪ್ಪೆ ಆಗಿರ್ತಿತ್ತು. ಅದ್ನೂ ಹೇಳಿ."

ಅದು ಸುಳ್ಳಲ್ಲ. ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಮುಂದಿನ ವಾರ ಅವರು ನಂಬರಿನ ತಕ್ಕಡಿ ಕೊಂಡರು. ಅದರಲ್ಲಿ ಕಾಯುವ ಕೆಲಸವಿಲ್ಲವಂತೆ, ಒದ್ದಾಡುತ್ತಿದ್ದರೂ ತೂಕ ಹಿಡಿದು ತೋರಿಸುತ್ತದಂತೆ. ಅಣ್ಣ ಇನ್ನೂ ಎರಡು ಭಾನುವಾರ ಹೋದ. ನಾನು ತಡೆಯಲಿಲ್ಲ. ಮೂರನೆಯ ವಾರ ರಾಡನ್ನು ಸೈಕಲ್ ರಿಪೇರಿಯವರಿಗೆ ಕೊಟ್ಟುಬಿಟ್ಟ.

ಮರುವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಏರಿಯ ಮೇಲೆ ಜನ ನಿಂತಿದ್ದರು. ಕೆರೆಯ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಿಳಿ ಹೊಟ್ಟೆಗಳು ದಡದುದ್ದಕ್ಕೂ ಅಂಚು ಕಟ್ಟಿದವು. ಯಾರೋ ಬಂದು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರು. ಚರಂಡಿ ನೀರು ಎಂದರು ಕೆಲವರು, ಬಿಸಿಲು ಎಂದರು ಕೆಲವರು, ತಳದಲ್ಲಿ ಕೊಳೆತ ಹಿಂಡಿ ಎಂದರು ಇನ್ನು ಕೆಲವರು. ನಿಜ ನನಗೆ ಗೊತ್ತಿಲ್ಲ. ಮೂರೂ ಇರಬಹುದು. ನನಗೆ ಗೊತ್ತಿರುವುದು ಇಷ್ಟೇ: ಮೊದಲ ವರ್ಷ ನಾನು ತೂಗಿದ ಮೀನುಗಳು ದಷ್ಟಪುಷ್ಟವಾಗಿದ್ದವು, ಮೂರನೆಯ ವರ್ಷ ತೂಗಿದವು ಮೊದಲೇ ಅರ್ಧ ಸತ್ತಿದ್ದವು.

ಈಗ ಅಲ್ಲಿ ಅಂಗೈಯಗಲದ ಜಿಲೇಬಿ ಮೀನು ಬಿಟ್ಟರೆ ಏನಿಲ್ಲ. ಅದಕ್ಕೆ ಬಹುಮಾನ ಕೊಡಲಾಗುತ್ತದೆಯೇ? ಸಂಘದವರು ಬ್ಯಾನರು ಬಿಚ್ಚಿಕೊಂಡು ಊರ ಹೊರಗಿನ ಇನ್ನೊಂದು ಕೆರೆಗೆ ಹೋದರು. ನಮ್ಮ ಕೆರೆಯ ಮೆಟ್ಟಿಲು ಇನ್ನೂ ಚೊಕ್ಕಟವಾಗಿದೆ. ದೀಪಗಳು ಉರಿಯುತ್ತವೆ. ವಾಕಿಂಗ್ ಬರುವವರು ಎಷ್ಟು ಶಾಂತವಾಗಿದೆ ಎನ್ನುತ್ತಾರೆ. ಆ ಶಾಂತಿಯಲ್ಲಿ ನನಗೆ ಹತ್ತು ನಿಮಿಷ ಕೂರಲಾಗುವುದಿಲ್ಲ.

ಈ ವರ್ಷ ಮಳೆ ಹಿಡಿದ ಮೇಲೆ ಅಣ್ಣ ಒಂದು ದಿನ, "ಸಂಘದವ್ರು ಹೋಗಿರೋ ಆ ಕೆರೆಗೆ ಹೋಗಿ ಬರೋಣ ಬಾ," ಎಂದ. ಯಾಕೆಂದು ಕೇಳಿದೆ. "ಹೇಳ್ಬೇಕು ಅವ್ರಿಗೆ," ಎಂದ. ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆವು. ನಮ್ಮದರ ಐದು ಪಟ್ಟು ದೊಡ್ಡ ಕೆರೆ. ಅದೇ ಬ್ಯಾನರು, ಮೈಕು, ನೀಲಿ ಟಬ್ಬುಗಳು. ಸೆಕ್ರೆಟರಿ ನಮ್ಮನ್ನು ನೋಡಿ ಓಡಿ ಬಂದ, ಕೈ ಹಿಡಿದುಕೊಂಡ, ಟೀ ತರಿಸಿದ. ಅಣ್ಣ ಬಂದ ವಿಷಯ ಹೇಳಿದಾಗ ಅವನು ಒಂದು ಗಳಿಗೆ ಯೋಚಿಸಿ, "ನೀವೇ ಮೈಕಲ್ಲಿ ಹೇಳಿ ಅಣ್ಣ. ಹಿರಿಯರು ಹೇಳಿದ್ರೆ ಕೇಳ್ತಾರೆ," ಎಂದ.

ಜೀವನದಲ್ಲಿ ಮೈಕು ಮುಟ್ಟದ ನನ್ನ ಅಣ್ಣ ಅವತ್ತು ಮಾತಾಡಿದ. ಕೆಂಪು ಮರಿಗಳ ವಿಷಯ ಹೇಳಿದ. ತಾನು ಗೆದ್ದದ್ದು ಹೇಗೆಂದು ಹೇಳಿದ. ಆ ಮೀನು ಮೂರು ದಿನ ಸುತ್ತಿದ್ದನ್ನೂ ಹೇಳಿದ. ಕೆರೆಯ ಸುತ್ತಲೂ ನೂರಕ್ಕೆ ಹತ್ತಿರ ಜನ ರಾಡು ಹಿಡಿದು ನಿಂತು ಕೇಳಿದರು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಚಪ್ಪಾಳೆ, ಮನಸ್ಸಿನಿಂದ ತಟ್ಟಿದ್ದು. ಆಮೇಲೆ ಸೀಟಿ ಊದಿದರು. ಅಷ್ಟೂ ಗಾಳಗಳು ಒಟ್ಟಿಗೆ ನೀರಿಗೆ ಬಿದ್ದವು.

ಅಣ್ಣ ಮೈಕು ಹಿಡಿದುಕೊಂಡೇ ನಿಂತಿದ್ದ. ನಾನು ಅದನ್ನು ಅವನ ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟೆ. ಇನ್ನು ಮುಗಿಯಿತು, ಇವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ ಎಂದು ಬಸ್ಸಿನಲ್ಲಿ ಅಂದುಕೊಂಡೆ.

ಆದರೆ ಅವನು ಮುಂದಿನ ಭಾನುವಾರ ಒಬ್ಬನೇ ಹೋದ. ಅದರ ಮುಂದಿನ ವಾರವೂ ಹೋದ. ಈಗ ಅವರ ಕಾರ್ಯಕ್ರಮದಲ್ಲಿ ಅದೂ ಸೇರಿಹೋಗಿದೆಯಂತೆ. ಸೀಟಿಗೆ ಮೊದಲು ಎರಡು ನಿಮಿಷ ಅವನ ಮಾತು, ಚಪ್ಪಾಳೆ, ಆಮೇಲೆ ಸೀಟಿ. ಒಬ್ಬ ಮನುಷ್ಯ ಒಂದು ಸಲ ದಾರ ಸುತ್ತಿಕೊಂಡು ಜೊಂಡಿನ ಕಡೆಯಿಂದ ಬೇರೆ ಜಾಗಕ್ಕೆ ಹೋದನಂತೆ. ಅವನು ಮಾತು ಕೇಳಿ ಹೋದನೋ ಬಿಸಿಲಿಗೆ ಹೋದನೋ ಅಣ್ಣನಿಗೂ ಗೊತ್ತಿಲ್ಲ. ಹೋದ ವಾರ ಮೈಕು ಕೆಟ್ಟಿತ್ತು. ಹಾಗೇ ನಿಂತು ಕೂಗಿ ಹೇಳಿ ಬಂದೆ ಎಂದ. ಗಾಳಿ ಎದುರಿನಿಂದ ಬೀಸುತ್ತಿತ್ತಂತೆ.